ಫಿಶರ್-ಪ್ರೈಸ್ ಮಕ್ಕಳ ರೆಕಾರ್ಡ್ ಪ್ಲೇಯರ್: ದನಿ ಸುಧಾರಿಸುವುದು ಹೇಗೆ?

ತಟ್ಟೆಪ್ರಿಯ, ನ್ಯೂಜೆರ್ಸಿ: ಇಲ್ಲಿನ ಗ್ಯಾರೇಜ್ ಸೇಲ್‌ನಲ್ಲಿ ಮಗಳಿಗೆಂದು ಫಿಶರ್-ಪ್ರೈಸ್ 825 ಕೊಂಡೆ. ತಟ್ಟೆ ಚೆನ್ನಾಗಿಯೇ ತಿರುಗುತ್ತದೆ. ಹಾಡು ಮಾತ್ರ ಮೂಗು ಹಿಡಿದುಕೊಂಡು ಹಾಡಿದಂತಿದೆ. ಸ್ಪೀಕರ್ ಬದಲಿಸಲೇ, ಕಾರ್ಟ್ರಿಜ್‌ನಿಂದಲೇ (ಸೂಜಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ತಂತಿ ಎಳೆದು ಮನೆಯ ಆಂಪ್ಲಿಫೈಯರ್‌ಗೆ ಕೊಡಲೇ? ಬೆಸುಗೆ ಹಾಕಲು ಬರುತ್ತದೆ.

ಹಳೆರೇಡಿಯೊ: ಮೊದಲು ಸೂಜಿ, ಆಮೇಲೆ ಉಳಿದದ್ದು. ಸೂಜಿ ಸವೆದಿದ್ದರೆ ಎಂಥ ಸ್ಪೀಕರ್ ಹಾಕಿದರೂ ದಂಡ. ಹೊಸ ಸ್ಪೀಕರ್ ಹಳೆಯದರಷ್ಟೇ ಓಮ್‌ನದಾಗಿರಲಿ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ). ಕಡಿಮೆಯಾದರೆ ಒಳಗಿನ ಟ್ರಾನ್ಸಿಸ್ಟರ್‌ಗಳು ಸುಟ್ಟಾವು. ಅಂಚಿಗೆ ತೆಳುವಾದ ಫೋಮ್ ಕೊಟ್ಟು ಸ್ಕ್ರೂ ಬಿಗಿ ಮಾಡಿ, ಪೆಟ್ಟಿಗೆಯ ಗಡಗಡ ನಿಲ್ಲುತ್ತದೆ.

ಬೆಸುಗೆಗಾರ: ತಂತಿ ಎಳೆಯುವ ಮುನ್ನ ತಡೆಯಿರಿ. ಇಂಥ ಪ್ಲೇಯರ್‌ನ ಸೆರಾಮಿಕ್ ಕಾರ್ಟ್ರಿಜ್‌ಗೆ ಸುಮಾರು 1 ಮೆಗಾಓಮ್ ಹೊರೆ (ಮುಂದಿನ ಸಾಧನ ಒಡ್ಡುವ ತಡೆ) ಬೇಕು. ಆಂಪ್ಲಿಫೈಯರ್‌ನಲ್ಲಿ ರೆಕಾರ್ಡ್ ಪ್ಲೇಯರ್‌ಗೆಂದೇ ಇರುವ ಸಾಮಾನ್ಯ ಫೋನೋ ಇನ್‌ಪುಟ್ ಬರೀ 47 ಕಿಲೋಓಮ್. ಅಲ್ಲಿಗೆ ಕೊಟ್ಟರೆ ಮಂದ್ರಸ್ವರವೇ ಮಾಯ. ನಡುವೆ ಎಫ್‌ಇಟಿ ಬಫರ್ (ಕಾರ್ಟ್ರಿಜ್‌ಗೆ ಹೆಚ್ಚಿನ ತಡೆ ಒಡ್ಡುವ ಚಿಕ್ಕ ಟ್ರಾನ್ಸಿಸ್ಟರ್ ಸರ್ಕಿಟ್) ಹಾಕಿ ಲೈನ್ ಇನ್‌ಪುಟ್‌ಗೆ ಕೊಡಿ. ಇನ್ನೊಂದು: ಟ್ರಾನ್ಸ್‌ಫಾರ್ಮರ್ ಇಲ್ಲದ ಹಳೆಯ ಪ್ಲೇಯರ್‌ಗಳಲ್ಲಿ ಷಾಸಿಗೇ (ಒಳಗಿನ ಲೋಹದ ಚೌಕಟ್ಟು) ಕರೆಂಟ್ ಬರುವುದುಂಟು. ಮಗು ಮುಟ್ಟುವ ವಸ್ತು. ಅದನ್ನು ಪರೀಕ್ಷಿಸದೆ ಹೊರಗೆ ಯಾವ ಜಾಕನ್ನೂ ತೆಗೆಯಬೇಡಿ. ಊರಿಗೆ ತರುವುದಾದರೆ, ಅಮೆರಿಕದ 60 ಹರ್ಟ್ಸ್ ಕರೆಂಟಿಗೆಂದು ಮಾಡಿದ ಎಸಿ ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ಆರನೇ ಒಂದರಷ್ಟು ನಿಧಾನವಾಗುತ್ತದೆ. ವೋಲ್ಟೇಜ್ ಇಳಿಸಿದರೂ ಅದು ಸರಿಹೋಗದು.

ತಟ್ಟೆಪ್ರಿಯ, ನ್ಯೂಜೆರ್ಸಿ: ಸೂಜಿ ತರಿಸುತ್ತೇನೆ. ಸೂಜಿ ಹಿಡಿದ ತೋಳು ಭಾರವಾಗಿದೆ, ತಟ್ಟೆ ಸವೆದೀತು; ಅಪ್ಪನ ಎಲ್‌ಪಿಗಳನ್ನು ಇದರ ಹತ್ತಿರ ಸುಳಿಯಗೊಡುವುದಿಲ್ಲ.