ಅಡಿಕೆ ತೋಟದಾಚೆಯ ಮನೆಗೆ ರೇಡಿಯೊ ಮೂಲಕ ಇಂಟರ್ನೆಟ್: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ನಿವೃತ್ತ ಅಧ್ಯಾಪಕ. ಪೆರ್ಲ ಸಮೀಪ ತಗ್ಗಿನಲ್ಲಿರುವ ನಮ್ಮ ಮನೆಗೆ, ಒಂದೂವರೆ ಕಿಲೋಮೀಟರ್ ಆಚೆ ಮುಖ್ಯರಸ್ತೆಯ ಬದಿಯಲ್ಲಿರುವ ತಮ್ಮನ ಮನೆಯ ಫೈಬರ್ ಸಂಪರ್ಕವನ್ನು 5.8 ಗಿಗಾಹರ್ಟ್ಸ್‌ನ ಎರಡು ಡಿಶ್ ರೇಡಿಯೊಗಳ ಮೂಲಕ ತಂದಿದ್ದೇವೆ. ಬೇಸಗೆಯಲ್ಲಿ ತಕ್ಕಮಟ್ಟಿಗೆ ನಡೆಯುವ ಸಂಪರ್ಕ ಆಟಿ ತಿಂಗಳ ಜಡಿಮಳೆಯಲ್ಲಿ ಗಂಟೆಗಟ್ಟಲೆ ಕಡಿದುಹೋಗುತ್ತದೆ. ನಡುವೆ ನಮ್ಮದೇ ಅಡಿಕೆ ತೋಟವಿದೆ. ಹೆಚ್ಚು ಶಕ್ತಿಯ ರೇಡಿಯೊ ತರಿಸಿದರೆ ಸರಿಹೋದೀತೇ?

ಉತ್ತರ: ನಮಸ್ಕಾರ ಮಾಷ್ಟ್ರೇ. ದಯವಿಟ್ಟು ಹೊಸ ರೇಡಿಯೊಗೆ ಹಣ ಹಾಕಬೇಡಿ. ಇಷ್ಟು ಕಡಿಮೆ ದೂರದಲ್ಲಿ ಮಳೆಹನಿಗಳಿಂದ ಆಗುವ ನಷ್ಟ ನಗಣ್ಯ. ಸಿಗ್ನಲನ್ನು ಹೀರುವುದು ನೀರು ಹಿಡಿದ ಸೋಗೆಗಳು. ಬಯಲಿನಲ್ಲಾದರೂ ಒಂದೂವರೆ ಕಿಲೋಮೀಟರಿಗೆ ಸುಮಾರು 111 ಡೆಸಿಬೆಲ್ (ಸಿಗ್ನಲಿನ ಏರಿಳಿತವನ್ನು ಅಳೆಯುವ ಮಾನ) ನಷ್ಟ ಇದ್ದೇ ಇದೆ, ಅದನ್ನು ನಿಮ್ಮ ಡಿಶ್‌ಗಳು ಸಲೀಸಾಗಿ ತಾಳಿಕೊಳ್ಳುತ್ತವೆ. ಆದರೆ 30 ಮೀಟರ್ ದಪ್ಪದ ಎಲೆಮರೆ ಅಡ್ಡ ಬಂದರೆ, ಮರಗಳಿಂದಾಗುವ ನಷ್ಟವನ್ನು ಅಂದಾಜಿಸುವ ವೈಸ್‌ಬರ್ಗರ್ ಸೂತ್ರದ ಪ್ರಕಾರ ಇನ್ನೂ 16 ಡೆಸಿಬೆಲ್ ಹೋಗುತ್ತದೆ, ಅಂದರೆ ತಲುಪುವುದು ನಲ್ವತ್ತರಲ್ಲಿ ಒಂದು ಪಾಲು ಮಾತ್ರ. ಎಲೆ ಒದ್ದೆಯಾದಾಗ ಈ ನಷ್ಟ ಮತ್ತಷ್ಟು ಏರುತ್ತದೆ, ಗಾಳಿಗೆ ಸೋಗೆ ತೂಗಿದಂತೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಶಕ್ತಿಯನ್ನು ಇಮ್ಮಡಿ ಮಾಡಿದರೂ ಸಿಗುವುದು 3 ಡೆಸಿಬೆಲ್. ಮೇಲಾಗಿ, ಪರವಾನಗಿ ಬೇಡದ ಈ ತರಂಗಗಳಿಗೆ ಕೇಂದ್ರ ಸರಕಾರದ 2018ರ ಅಧಿಸೂಚನೆ ಶಕ್ತಿಯ ಮಿತಿಯನ್ನೂ ವಿಧಿಸಿದೆ.

ಎದುರಿನ ಡಿಶ್ ಸೋಗೆಗಳ ಸಂದಿಯಲ್ಲಿ ಕಣ್ಣಿಗೆ ಕಂಡರೂ ಸಾಲದು. ನೇರ ಗೆರೆಯ ಸುತ್ತ ತರಂಗಕ್ಕೆ ಬೇಕಾದ ಜಾಗವನ್ನು ಫ್ರೆನೆಲ್ ವಲಯ ಎನ್ನುತ್ತೇವೆ. ನಿಮ್ಮ ದೂರಕ್ಕೆ ನಡುದಾರಿಯಲ್ಲಿ ಅದರ ತ್ರಿಜ್ಯ 4.4 ಮೀಟರ್, ಅದರಲ್ಲಿ ಶೇಕಡಾ 60, ಎಂದರೆ ಸುಮಾರು 2.6 ಮೀಟರ್, ಖಾಲಿ ಇರಲೇಬೇಕು. ಮರ ಬೆಳೆಯುತ್ತಲೇ ಇರುವುದರಿಂದ ನಾನು ತೋಟದ ಮರಗಳ ತಲೆಗಿಂತ 5 ಮೀಟರ್ ಮೇಲೆ ನೇರ ಗೆರೆ ಹಾಯುವಂತೆ ಡಿಶ್ ಕಂಬಗಳ ಎತ್ತರ ನಿಗದಿಪಡಿಸುತ್ತೇನೆ.

ಮರುಪ್ರಶ್ನೆ: ಅಷ್ಟೆತ್ತರದ ಕಂಬ ನಮ್ಮ ಕೈಗೆಟಕುವುದಿಲ್ಲ. 2.4 ಗಿಗಾಹರ್ಟ್ಸ್‌ಗೆ ಇಳಿದರೆ ಹೇಗೆ?

ಉತ್ತರ: ಅದೇ ಎಲೆಮರೆಯಲ್ಲಿ ನಷ್ಟ ಮೂರು ನಾಲ್ಕು ಡೆಸಿಬೆಲ್ ಕಡಿಮೆಯಾಗುತ್ತದೆ, ಆದರೆ ಫ್ರೆನೆಲ್ ತ್ರಿಜ್ಯ 6.8 ಮೀಟರಿಗೆ ಹಿಗ್ಗುತ್ತದೆ. ಲಾಭವಿಲ್ಲ.

ಎರಡೂ ಮನೆಗಳು ಕಾಣುವ ಪದವು (ಗುಡ್ಡದ ಮೇಲಿನ ಬಯಲು) ಪಕ್ಕದಲ್ಲಿ ಇದೆಯೇ ನೋಡಿ. ಮರದೊಳಗೆ ನುಗ್ಗುವ ಒಂದು ನೇರ ದಾರಿಗಿಂತ, ಸುತ್ತಾದರೂ ತೆರವಾಗಿರುವ ಎರಡು ದಾರಿಗಳು ಎಷ್ಟೋ ಮೇಲು. ಪದವಿನಲ್ಲಿ ಗಿಡ್ಡ ಕಂಬಕ್ಕೆ ಎರಡು ರೇಡಿಯೊ ಕಟ್ಟಿ, ಒಂದನ್ನು ತಮ್ಮನ ಮನೆಗೂ ಇನ್ನೊಂದನ್ನು ನಿಮ್ಮ ಮನೆಗೂ ತಿರುಗಿಸಿ, ಬೇರೆ ಬೇರೆ ಚಾನೆಲ್‌ಗಳಲ್ಲಿ ನಡೆಸಬೇಕು. ವಿದ್ಯುತ್ತಿಗೆ ಸೋಲಾರ್ ಸಾಕು, ಆದರೆ ಬ್ಯಾಟರಿ ಮಾತ್ರ ಬಿಸಿಲಿಲ್ಲದ ಮೂರು ದಿನಕ್ಕೆ ಬರುವಷ್ಟು ದೊಡ್ಡದಿರಲಿ. ಸಿಡಿಲಿನ ವಿಷಯದಲ್ಲಿ ಉದಾಸೀನ ಸಲ್ಲದು: ಮುರಕಲ್ಲಿನ (ಜಂಬಿಟ್ಟಿಗೆಯ) ಪಾರೆಯಲ್ಲಿ, ಅಂದರೆ ಬಂಡೆನೆಲದಲ್ಲಿ, ಅರ್ತಿಂಗ್ ಸರಿಯಾಗಿ ಹಿಡಿಯದ ಕಾರಣ, ಅರ್ತ್ ತಂತಿಯನ್ನು ತೇವದ ಮಣ್ಣಿರುವ ಕಡೆಗೆ ಎಳೆದು ಹೂಳಬೇಕು, ಕೇಬಲ್ಲಿನ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ (ದಿಢೀರ್ ನುಗ್ಗುವ ವಿದ್ಯುತ್ತನ್ನು ತಡೆಯುವ ಸಾಧನ) ಹಾಕಬೇಕು.

ಅಲ್ಲಿಯವರೆಗೆ ಈಗಿನ ರೇಡಿಯೊಗಳ ಚಾನೆಲ್ ಅಗಲವನ್ನು 40ರಿಂದ 10 ಮೆಗಾಹರ್ಟ್ಸ್‌ಗೆ ಇಳಿಸಿ ನೋಡಿ. ವೇಗ ತಗ್ಗುತ್ತದೆ, ಆದರೆ ಸಿಗ್ನಲಿನೊಂದಿಗೆ ರೇಡಿಯೊ ಹಿಡಿಯುವ ಗದ್ದಲ (ನಾಯ್ಸ್) 6 ಡೆಸಿಬೆಲ್ ಕಡಿಮೆಯಾಗುವುದರಿಂದ ಸಂಪರ್ಕ ಕಡಿಯುವುದು ಕಡಿಮೆಯಾದೀತು. ಪದವಿನಲ್ಲಿ ನಿಂತು ಎರಡೂ ಮನೆಗಳ ಕಡೆಗೆ ತೆಗೆದ ಫೋಟೋಗಳನ್ನು ಇಲ್ಲಿ ಹಾಕಿದರೆ, ಅಲ್ಲಿಗೆ ಬೇಕಾದ ಕಂಬದ ಎತ್ತರವನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.