ಅಪ್‌ಡೇಟ್: ಸ್ವಸಹಾಯ ಸಂಘದ ಯೋಜನೆಯಿಂದ ಊರಿನ ಸಂಬಂಧಗಳು ಬದಲಾದವೇ ಎಂದು ಅಳೆಯುವುದು

ಸಂಘ ಬಂದ ಮೇಲೆ ಮಹಿಳೆಯರ ನಡುವಿನ ಸಾಲ, ಸಲಹೆಗಳ ಜಾಲ ಬೆಳೆದಿದೆಯೇ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಈಗ ನಿರ್ಧಾರವಾದ ಕ್ರಮ ಹೀಗಿದೆ.

"ನಿಮ್ಮ ಸ್ನೇಹಿತರು ಯಾರು?" ಎಂಬ ಪ್ರಶ್ನೆ ಬಿಟ್ಟಿದ್ದೇವೆ, ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಉತ್ತರಿಸುತ್ತಾರೆ. ಬದಲಿಗೆ ತುರ್ತಿಗೆ ಹಣ ಯಾರಲ್ಲಿ ಕೇಳುತ್ತೀರಿ, ಯಾರಿಗೆ ಕೊಡುತ್ತೀರಿ, ಕಾಯಿಲೆ ಬಂದರೆ ಯಾರ ಸಲಹೆ ಪಡೆಯುತ್ತೀರಿ ಎಂದು ಬಿಡಿಬಿಡಿಯಾಗಿ ಕೇಳುತ್ತೇವೆ. ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಚಂದ್ರಶೇಖರ್, ಡುಫ್ಲೊ, ಜಾಕ್ಸನ್ ಕರ್ನಾಟಕದ 75 ಹಳ್ಳಿಗಳಲ್ಲಿ ಇಂಥ 12 ಬಗೆಯ ಸಂಬಂಧಗಳನ್ನು ದಾಖಲಿಸಿದ್ದರು. ಕಿರುಸಾಲದ ಸುದ್ದಿ ಮೊದಲು ತಲುಪಿದವರು ಜಾಲದ ಕೇಂದ್ರಕ್ಕೆ ಹತ್ತಿರವಿದ್ದ ಊರುಗಳಲ್ಲಿ ಹೆಚ್ಚು ಮಂದಿ ಆ ಸಾಲ ಯೋಜನೆಗೆ ಸೇರಿದರು ಎಂಬುದು 2013ರಲ್ಲಿ ಪ್ರಕಟವಾದ ಅವರ ಫಲಿತಾಂಶ.

ಹೆಚ್ಚು ಕೆಡುವುದು ಹೆಸರುಗಳಲ್ಲಿ. ಒಂದೇ ಊರಲ್ಲಿ ನಾಲ್ಕು ಲಕ್ಷ್ಮಮ್ಮಂದಿರು ಇದ್ದರೆ ನಾಲ್ವರ ಸಂಬಂಧಗಳೂ ಒಬ್ಬಳ ಲೆಕ್ಕಕ್ಕೆ ಸೇರಿ ಒಬ್ಬ ಸುಳ್ಳು ನಾಯಕಿ ಹುಟ್ಟುತ್ತಾಳೆ! ಆದ್ದರಿಂದ ಮೊದಲು ಮನೆ ಪಟ್ಟಿ, ಪ್ರತಿ ವ್ಯಕ್ತಿಗೂ ಸಂಕೇತ ಸಂಖ್ಯೆ, ಆಮೇಲೆ ಸಂದರ್ಶನ. ಅರ್ಧ ಮನೆಗಳನ್ನಷ್ಟೇ ಮಾತಾಡಿಸಿದರೆ ಕೊಂಡಿಗಳು (ಇಬ್ಬರ ನಡುವಿನ ಸಂಬಂಧಗಳು) ಕಾಣೆಯಾಗಿ ಜಾಲ ಇರುವುದಕ್ಕಿಂತ ವಿರಳವಾಗಿ ತೋರುತ್ತದೆ.

ಸಾಂದ್ರತೆಯನ್ನು, ಅಂದರೆ ಸಾಧ್ಯವಿರುವ ಜೋಡಿಗಳಲ್ಲಿ ನಿಜವಾಗಿ ಕೊಂಡಿಯಿರುವವುಗಳ ಪಾಲನ್ನು, ಊರಿಂದೂರಿಗೆ ನೇರವಾಗಿ ಹೋಲಿಸಬೇಡಿ. 100 ಜನರ ನಡುವೆ 4,950 ಜೋಡಿ ಸಾಧ್ಯ, 200 ಜನರಿದ್ದರೆ 19,900. ಒಬ್ಬರು ನಿಭಾಯಿಸುವ ಸಂಬಂಧಗಳು ಆ ಪ್ರಮಾಣದಲ್ಲಿ ಏರುವುದಿಲ್ಲ. ಸರಾಸರಿ ಕೊಂಡಿಗಳನ್ನೂ, ಜಾತಿ ಕೇರಿಗಳನ್ನು ದಾಟುವ ಕೊಂಡಿಗಳ ಪಾಲನ್ನೂ ನೋಡುವುದು ಮೇಲು.

ಬದಲಾವಣೆ ಯೋಜನೆಯಿಂದಲೇ ಬಂತೇ ಎಂದು ಹೋಲಿಸಲು ಯೋಜನೆ ಇಲ್ಲದ ಊರುಗಳಲ್ಲೂ ಇದೇ ಪ್ರಶ್ನಾವಳಿ ಎರಡು ಸಲ ನಡೆಯಲಿದೆ. ಜಾಲದ ನಕ್ಷೆಗಳಲ್ಲಿ ಹೆಸರು ಇರುವುದಿಲ್ಲ. ಯಾರು ಯಾರಿಗೆ ಸಾಲಗಾರರು ಎಂಬುದು ಸಂಘದ ಸಭೆಯಲ್ಲಿ ಬಯಲಾಗಕೂಡದು.