‘ವಲಸೆ’ ಅಂದರೆ ಯಾರೂ ಒಪ್ಪುತ್ತಿಲ್ಲ, ಬೇರೆ ಏನು ಹಾಕೋಣ?

ಬಳಗದ ಎಲ್ಲರಿಗೂ ಡೊಂಬಿವಲಿಯಿಂದ ನಮಸ್ಕಾರ.

ಗೆಳತಿಯೊಬ್ಬಳು ಮುಂಬೈ, ಪುಣೆ, ಗೋವಾಗಳಲ್ಲಿರುವ ಕನ್ನಡಿಗರ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಯಾರು ಯಾಕೆ ಬಂದರು, ಊರಿನ ಜೊತೆ ಏನು ನಂಟು ಉಳಿದಿದೆ, ರಾಜ್ಯಗಳ ಗಡಿ ಬದಲಾದಾಗ ಏನಾಯಿತು, ಇಂಥ ಪ್ರಶ್ನೆಗಳು. ಅವಳ ಪ್ರಶ್ನಾವಳಿ ಇಂಗ್ಲಿಷಿನಲ್ಲಿದೆ, ಕನ್ನಡಕ್ಕೆ ತರುವ ಕೆಲಸ ನನ್ನದು. ಮೈಗ್ರೇಷನ್, ಬಾರ್ಡರ್, ಡಯಾಸ್ಪೊರಾ (ತಾಯ್ನಾಡು ಬಿಟ್ಟು ಬೇರೆಡೆ ಹರಡಿ ನೆಲೆಸಿದ ಸಮುದಾಯ) ಎಂಬ ಮೂರು ಪದ ಪುಟಪುಟದಲ್ಲೂ ಬರುತ್ತವೆ. ಈ ಮೂರಕ್ಕೂ ನಿಮ್ಮ ಸಲಹೆ ಬೇಕು. ನನಗೆ ಅನಿಸಿದ್ದನ್ನೂ ಹೇಳುತ್ತೇನೆ, ಜಗಳ ಮಾಡಬೇಕು ಅನಿಸಿದರೆ ಮಾಡಿ.

ಮೊದಲು ‘ವಲಸೆ’. ನಿಘಂಟಿನ ಪ್ರಕಾರ ಸರಿಯಾದ ಪದವೇ. ಆದರೆ ಜನರ ಮುಂದೆ ಇಟ್ಟರೆ ಮುಖ ಸಿಂಡರಿಸುತ್ತಾರೆ. ನಮ್ಮ ಕಟ್ಟಡದ ಹಿರಿಯರೊಬ್ಬರನ್ನು “ನೀವು ಯಾವಾಗ ವಲಸೆ ಬಂದಿರಿ?” ಅಂತ ಕೇಳಿದ್ದಕ್ಕೆ, “ನಾವು ವಲಸೆ ಬಂದವರಲ್ಲ ಮಾರಾಯ್ತಿ, ಹೋಟೆಲ್ ಕೆಲಸಕ್ಕೆ ಬಂದವರು” ಅಂದರು. ಅವರ ಮಾತು ಸುಳ್ಳಲ್ಲ. ಪತ್ರಿಕೆಗಳಲ್ಲಿ ಈಗ ವಲಸೆ ಹೋಗುವವರು ಯಾರು ನೋಡಿ: ಹಕ್ಕಿಗಳು, ಕಾರ್ಮಿಕರು, ಶಾಸಕರು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರದ್ದು. ಆದರೆ 2020ರ ಲಾಕ್‌ಡೌನ್ ಆದಮೇಲೆ ‘ವಲಸೆ’ ಅಂದ ಕೂಡಲೇ ಹೆದ್ದಾರಿಯಲ್ಲಿ ಗಂಟು ಹೊತ್ತು ನಡೆದವರ ಚಿತ್ರವೇ ಕಣ್ಣಿಗೆ ಬರುತ್ತದೆ. ಇನ್ನು ಪಕ್ಷ ಬಿಟ್ಟು ಪಕ್ಷಕ್ಕೆ ಹಾರಿದ ಶಾಸಕರನ್ನೂ ‘ವಲಸಿಗರು’ ಅಂತಲೇ ಬರೆಯುತ್ತಾರೆ. ಇಷ್ಟೆಲ್ಲ ಆದಮೇಲೆ ಮಾಟುಂಗದಲ್ಲಿ ನಾಲ್ಕು ದಶಕ ಹೋಟೆಲ್ ನಡೆಸಿದವರು ‘ಹೌದು, ನಾನು ವಲಸಿಗ’ ಅನ್ನುತ್ತಾರಾ?

ಕರಾವಳಿಯವರ ಬಾಯಲ್ಲಿ ಇದಕ್ಕೆ ಬೇರೆ ಪದವೇ ಇರಲಿಲ್ಲ ಅನಿಸುತ್ತದೆ. ‘ಬೊಂಬಾಯಿಗೆ ಹೋದ’ ಅಂದರೆ ಮುಗಿಯಿತು. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ತಿಂಗಳಿಗೊಮ್ಮೆ ಮನಿಯಾರ್ಡರ್, ಎಲ್ಲವೂ ಅದರೊಳಗೆ ಬಂತು. ಕಾಫಿ ತೋಟಕ್ಕೋ ಶಿವಮೊಗ್ಗದ ಕಡೆಗೋ ಹೋದರೆ ‘ಘಟ್ಟ ಹತ್ತಿದ’.

ಉತ್ತರ ಕರ್ನಾಟಕದಲ್ಲಿ ಮಾತ್ರ ಖಚಿತವಾದ ಪದವಿದೆ: ಗುಳೆ. ಮಳೆ ಕೈಕೊಟ್ಟಾಗ, ಊರಲ್ಲಿ ಕೂಲಿ ಸಿಗದಾಗ, ಮನೆಗೆ ಬೀಗ ಹಾಕಿ ಮಕ್ಕಳುಮರಿ ಕಟ್ಟಿಕೊಂಡು ಹೊರಡುವುದು. ರಾಯಚೂರು, ಯಾದಗಿರಿ, ಕೊಪ್ಪಳ, ವಿಜಯಪುರದ ಕಡೆಯಿಂದ ಪುಣೆಯ ಕಟ್ಟಡ ಕೆಲಸಕ್ಕೂ ಗೋವಾಕ್ಕೂ ಬೆಂಗಳೂರಿಗೂ ಗುಳೆ ಹೋಗುತ್ತಾರೆ. ಗಮನಿಸಿ, ಬೆಂಗಳೂರು ನಮ್ಮದೇ ರಾಜಧಾನಿ, ಆದರೂ ಅದು ಗುಳೆಯೇ. ಈ ಪದಕ್ಕೆ ರಾಜ್ಯದ ಗಡಿಯ ಗೊಡವೆ ಇಲ್ಲ. ಅದರಲ್ಲಿ ಬರಗಾಲ ಇದೆ, ಹಂಗಾಮು ಇದೆ, ಮುಖ್ಯವಾಗಿ ವಾಪಸು ಬರುವ ಮಾತಿದೆ. ಹೋಟೆಲಿಗೆ ಬಂದ ಕುಂದಾಪುರದ ಹುಡುಗನೂ ಬಡತನದಿಂದಲೇ ಬಂದವನು, ಆದರೆ ಅವನು ಗುಳೆ ಬಂದ ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷಿನ ಒಂದು ಪದ ಇವರಿಬ್ಬರನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುತ್ತದೆ. ಕನ್ನಡ ಕೂರಿಸುವುದಿಲ್ಲ.

ನನಗೆ ತೊಡಕಾಗಿರುವುದು ಇಲ್ಲಿ. ಗುಳೆ ಬಂದವರು ವಾಪಸು ಹೋಗದೆ ಇಲ್ಲೇ ನಿಂತರೆ ಅದನ್ನು ಏನನ್ನಬೇಕು? ಗೋವಾದ ವಾಸ್ಕೋ, ಝುವಾರಿನಗರದಲ್ಲಿ ಅಂಥ ಕುಟುಂಬಗಳು ಬಹಳ. 2011ರ ಜನಗಣತಿಯಲ್ಲಿ ಗೋವಾದ ಜನರಲ್ಲಿ ಶೇ. 4.65ರಷ್ಟು ಮಂದಿಯ ತಾಯ್ನುಡಿ ಕನ್ನಡ. ರೇಷನ್ ಕಾರ್ಡು, ಮತದಾರರ ಪಟ್ಟಿ, ಮಕ್ಕಳ ಶಾಲೆ ಎಲ್ಲ ಅಲ್ಲೇ. ಅವರನ್ನು ಕೇಳಿದರೆ “ದುಡಿಯಾಕ ಬಂದೇವ್ರಿ ಅಕ್ಕಾರ, ಇಲ್ಲೇ ಉಳದ್ವಿ” ಅನ್ನುತ್ತಾರೆ. ದುಡಿಯಲು ಬರುವುದು, ಉಳಿಯುವುದು. ಎರಡೂ ಕ್ರಿಯಾಪದಗಳು. ಪ್ರಶ್ನಾವಳಿಯಲ್ಲೂ ‘ವಲಸೆ’ ಎಂಬ ನಾಮಪದ ಬಿಟ್ಟು ‘ಯಾಕೆ ಬಂದಿರಿ, ಯಾವಾಗ ಬಂದಿರಿ, ಇಲ್ಲೇ ಉಳಿಯೋಣ ಅಂತ ಯಾವಾಗ ಅನಿಸಿತು’ ಎಂದು ಕೇಳಿದರೆ ಕೆಲಸ ಸಲೀಸು ಅಂತ ನನ್ನ ಅಭಿಪ್ರಾಯ. ಗೆಳತಿಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಅಂಕಿಅಂಶಕ್ಕೆ ಒಂದೇ ಪದ ಬೇಕು ಅನ್ನುತ್ತಾಳೆ.

ಅಂಕಿಅಂಶದ ಮಾತಿಗೆ ಇನ್ನೊಂದು ತಮಾಷೆ. ಜನಗಣತಿಯವರು ಹುಟ್ಟಿದ ಊರು, ಹಿಂದೆ ವಾಸವಿದ್ದ ಊರು ಇವನ್ನು ನೋಡಿ ವಲಸೆಯನ್ನು ಲೆಕ್ಕ ಹಾಕುತ್ತಾರೆ. ಹಾಗೆ 2011ರಲ್ಲಿ ದೇಶದೊಳಗೆ ಸುಮಾರು 45 ಕೋಟಿ ವಲಸಿಗರು ಸಿಕ್ಕರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮದುವೆಯಾಗಿ ಗಂಡನ ಊರಿಗೆ ಹೋದ ಹೆಂಗಸರು. ನಮ್ಮಮ್ಮನನ್ನೂ ಸೇರಿಸಿ. ‘ಕೊಟ್ಟ ಮನೆ’ಗೆ ಬಂದವಳನ್ನು ‘ವಲಸೆ ಬಂದವಳು’ ಅಂದರೆ ಅವಳು ಸುಮ್ನೆ ಬಿಡ್ತಾಳಾ?

ಈಗ ‘ಗಡಿ’. ನಾನು ಜಾಸ್ತಿ ತಲೆ ಕೆಡಿಸಿಕೊಂಡಿರುವುದು ಇದರ ಬಗ್ಗೆ. ‘ಗಡಿ ದಾಟಿ ಬಂದವರು’ ಅಂತ ಪ್ರಶ್ನೆಯಲ್ಲಿದೆ. ಯಾವ ಕಾಲದ ಗಡಿ? 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಧಾರವಾಡ, ಬೆಳಗಾವಿ, ವಿಜಾಪುರ ಕೂಡ ಮುಂಬೈಗೆ ಸೇರಿದ್ದವು. ಅಂದರೆ 1950ರಲ್ಲಿ ಅಂಕೋಲೆಯಿಂದ ಗಿರಗಾಂವಿಗೆ ಬಂದವರು ತಮ್ಮದೇ ರಾಜಧಾನಿಗೆ ಬಂದಿದ್ದರು. ಅದೇ ವರ್ಷ ಕುಂದಾಪುರದಿಂದ ಬಂದವರು ಮದ್ರಾಸ್ ರಾಜ್ಯ ಬಿಟ್ಟು ಬಂದಿದ್ದರು. ಇಬ್ಬರೂ ಒಂದೇ ಖೋಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರು. 1956ರ ನವೆಂಬರ್ 1ಕ್ಕೆ ಎರಡೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಅಂಕೋಲೆಯವರು ಕೂತಲ್ಲೇ ಹೊರನಾಡಿಗರಾದರು. ಗೋವಾ ಕಡೆಯದು ಇದಕ್ಕೆ ಉಲ್ಟಾ. 1961ರ ಡಿಸೆಂಬರ್ 19ರವರೆಗೆ ಮಾಜಾಳಿಯ ಆಚೆ ಪೋರ್ಚುಗೀಸರ ಆಳ್ವಿಕೆ. ಕಾರವಾರದವರಿಗೆ ದೂರದ ಮುಂಬೈ ಒಳನಾಡು, ಕೂಗಳತೆಯ ಕಾಣಕೋಣ ಪರದೇಶ!

ಇನ್ನು ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದವರು. ಗಡಿ ತಗಾದೆ ಬಗೆಹರಿಸಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿ ಆ ಕಡೆಯ ಕನ್ನಡ ಹಳ್ಳಿಗಳು ಕರ್ನಾಟಕಕ್ಕೆ ಬರಬೇಕು ಅಂದಿತ್ತು. ಬರಲಿಲ್ಲ. ಅವರು ಎಲ್ಲಿಂದಲೂ ಬಂದವರಲ್ಲ, ಎಲ್ಲಿಗೂ ಹೋದವರಲ್ಲ. ಅವರಿಗೆ ‘ನೀವು ಯಾವಾಗ ಬಂದಿರಿ’ ಅಂತ ಕೇಳುವ ಪುಟವನ್ನೇ ಕೊಡಬಾರದು. ಕನ್ನಡದಲ್ಲಿ ‘ಗಡಿನಾಡು’, ‘ಹೊರನಾಡು’ ಎಂದು ಎರಡು ಪದ ಇರುವುದು ಇದಕ್ಕೇ ಅಲ್ವಾ? ಇವು ಬರೀ ಭಾಷಣದ ಪದಗಳೂ ಅಲ್ಲ. ಕರ್ನಾಟಕದ ಸಿಇಟಿ ನಿಯಮಗಳಲ್ಲೇ ಇವೆ. ಗಡಿನಾಡು ಅಂದರೆ ಯಾವ ತಾಲ್ಲೂಕುಗಳು ಅಂತ ಅಲ್ಲಿ ಹೆಸರು ಹಿಡಿದು ಹೇಳಿದ್ದಾರೆ: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಮರಾಠಿ ಪತ್ರಿಕೆಯಲ್ಲಿ ‘ಸೀಮಾಭಾಗ’ ಅಂದರೆ ಬೆಳಗಾವಿ, ನಿಪ್ಪಾಣಿ. ಗೆರೆ ಒಂದೇ, ಆದರೆ ಎರಡೂ ಕಡೆಯವರು ತಮ್ಮ ಕೈ ತಪ್ಪಿದ್ದಕ್ಕೆ ಮಾತ್ರ ಗಡಿಯ ಹೆಸರು ಇಟ್ಟಿದ್ದಾರೆ.

‘ಸೀಮೆ’ ಇನ್ನೂ ವಿಚಿತ್ರ. ಮೂಲದಲ್ಲಿ ಎಲ್ಲೆ ಅಂತ ಅರ್ಥ. ನಾವು ಬಯಲುಸೀಮೆ ಅಂದಾಗ ಎಲ್ಲೆಯ ಒಳಗಿನ ನೆಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಅಂದಾಗ ಎಲ್ಲೆಯ ಆಚೆಯಿಂದ ಬಂದದ್ದು. ಪ್ರಶ್ನಾವಳಿಗೆ ಇದು ಬೇಕಿಲ್ಲ, ಆಸೆ ತಡೆಯಲಾರದೆ ಬರೆದೆ.

ಕೊನೆಗೆ ಡಯಾಸ್ಪೊರಾ. ‘ಅನಿವಾಸಿ’ ಆಗುವುದಿಲ್ಲ. ಅದು ತೆರಿಗೆ ಕಾನೂನಿನ ಪದ, ವಿಮಾನ ಹತ್ತಿದವರಿಗೆ ಮೀಸಲು. ಯಾರೋ ‘ವಿಸರಣ’ ಅಂದರು. ವಿಜ್ಞಾನದ ಪಾಠದಲ್ಲಿ ಅನಿಲ ಹರಡುವುದಕ್ಕೆ ಆ ಪದ ಇದೆ, ಅಲ್ಲೇ ಇರಲಿ. ನನ್ನ ಓಟು ‘ಹೊರನಾಡ ಕನ್ನಡಿಗರು’ ಎಂಬುದಕ್ಕೆ. ಎರಡು ತಕರಾರು ಇವೆ. ಒಂದು ಸಣ್ಣದು: ಇಂಟರ್‌ನೆಟ್ಟಿನಲ್ಲಿ ಹೊರನಾಡು ಅಂತ ಹುಡುಕಿದರೆ ಅನ್ನಪೂರ್ಣೇಶ್ವರಿ ದೇವಸ್ಥಾನ ಬರುತ್ತದೆ. ಇನ್ನೊಂದು ನಿಜವಾದದ್ದು. ಮುಂಬೈಯಲ್ಲಿ ಕನ್ನಡ ಸಂಘ ಕಟ್ಟಿದವರು, ಕನ್ನಡ ಪತ್ರಿಕೆ ತರಿಸಿ ಓದುವವರು, ಯಕ್ಷಗಾನ ಮೇಳ ಕರೆಸುವವರು ಬಹಳ ಮಂದಿ ಮನೆಯಲ್ಲಿ ತುಳು ಆಡುವವರು. ಜನಗಣತಿಯಲ್ಲಿ ಅವರು ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ. ಸಿಇಟಿ ನಿಯಮ ಮಾತ್ರ ಕನ್ನಡ, ತುಳು, ಕೊಡವ ಮೂರನ್ನೂ ಒಟ್ಟಿಗೆ ಹೇಳಿ ಈ ಗೋಜಲು ಬಿಡಿಸಿದೆ. ಗುಮಾಸ್ತರು ಕೆಲವೊಮ್ಮೆ ಪಂಡಿತರಿಗಿಂತ ವಾಸಿ.

‘ನಿಮ್ಮನ್ನು ಇಲ್ಲಿಯವರು ಏನೆಂದು ಕರೆಯುತ್ತಿದ್ದರು’ ಎಂಬ ಪ್ರಶ್ನೆಯೂ ಇದೆ. ಅದರ ಉತ್ತರಗಳನ್ನು ಕನ್ನಡಕ್ಕೆ ತಿರುಗಿಸುವುದೇ ಬೇಡ ಅಂದಿದ್ದೇನೆ. ಗೋವಾದ ‘ಘಾಂಟಿ’ (ಘಟ್ಟದವ), ‘ಭಾಯ್ಲೊ’ (ಹೊರಗಿನವ), ಮುಂಬೈಯ ‘ಲುಂಗಿವಾಲಾ’, ‘ಪರಪ್ರಾಂತೀಯ’ ಹಾಗೆಹಾಗೇ ಇರಲಿ. ಘಟ್ಟದ ಆಚೆಯವರು ಅನ್ನುವ ಬರೀ ದಿಕ್ಕಿನ ಮಾತು ಬೈಗುಳವಾದದ್ದು ಹೇಗೆ ಅಂತ ಓದುವವರಿಗೆ ಕಾಣಲಿ.

ನನಗೆ ಬೇಕಾದದ್ದು ಇಷ್ಟು. ಗುಳೆ ಬಂದು ನೆಲೆ ನಿಂತವರಿಗೆ ನಿಮ್ಮ ಕಡೆ ಏನನ್ನುತ್ತಾರೆ? ವಾಸ್ಕೋ, ಮಡಗಾಂವ್ ಕಡೆಯವರು ದಯವಿಟ್ಟು ಬರೆಯಿರಿ. 1956ಕ್ಕಿಂತ ಹಿಂದಿನ ಬರಹದಲ್ಲಿ ‘ಹೊರನಾಡು’ ಈಗಿನ ಅರ್ಥದಲ್ಲಿ ಕಂಡಿದ್ದರೆ ಆ ಸಾಲು ಕಳಿಸಿ. ಅಕ್ಕಲಕೋಟೆ, ಜತ್ತದವರು ಬಳಗದಲ್ಲಿದ್ದರೆ ಅವರಿಗೊಂದು ಪ್ರಶ್ನೆ: ನಿಮ್ಮ ಮನೆಯಲ್ಲಿ, ಸಂತೆಯಲ್ಲಿ ಯಾರಾದರೂ ತಮ್ಮನ್ನು ‘ಗಡಿನಾಡ ಕನ್ನಡಿಗ’ ಅಂದುಕೊಳ್ಳುತ್ತಾರಾ, ಅಥವಾ ಅದು ಬೆಂಗಳೂರಿನಿಂದ ಬರುವ ಕಾಗದದಲ್ಲಿ ಮಾತ್ರವಾ?